ನಾತವನ್ನು ಲೆಕ್ಕಕ್ಕೆ ತಂದ ಪ್ರಾಧ್ಯಾಪಕರು



ತಿಪ್ಪೆಗುಂಡಿಯನ್ನು ಮನೆಯಿಂದಲೂ ಬಾವಿಯಿಂದಲೂ ದೂರ ತೆಗೆಯಬೇಕೆಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ನೊಣ, ನಾತ, ನೀರಿಗೆ ಇಳಿಯುವ ಕೊಳೆ, ಈ ಮೂರು ಕಾರಣಗಳನ್ನು ಈಗ ನೀವೇ ನನಗೆ ಒಪ್ಪಿಸಬಲ್ಲಿರಿ. ಗುಂಡಿ ನಿಮ್ಮದಾದರೆ ಕೆಲಸ ಸುಲಭ. ಎರಡು ದಿನ ಆಳು ಹಿಡಿದರೆ ಬೇರೆ ಕಡೆ ತೋಡಬಹುದು. ಆದರೆ ಗುಂಡಿ ನೆರೆಯವನದಾದರೆ? ಅದು ಹತ್ತಡಿಯ ಗುಂಡಿಯಾಗಿರದೆ ಎಕರೆಗಟ್ಟಲೆ ಹರಡಿದ್ದರೆ? ಆ ನೆರೆಯವನ ಹಿಂದೆ ದೊಡ್ಡ ಕಂಪನಿಯೊಂದು ನಿಂತಿದ್ದರೆ? "ನನಗೆ ತಲೆ ನೋಯುತ್ತದೆ, ಕಣ್ಣು ಉರಿಯುತ್ತದೆ" ಎಂದು ನೀವು ಕಚೇರಿಗೆ ಹೋಗಿ ಹೇಳಿದಾಗ, "ಅದು ಇದರಿಂದಲೇ ಎಂಬುದಕ್ಕೆ ಸಾಕ್ಷಿ ಏನು?" ಎಂದು ಕೇಳಿದರೆ ಏನು ಹೇಳುವಿರಿ?

ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ವಿದ್ಯೆ ಉಂಟು. ಅದಕ್ಕೆ ಎಪಿಡೆಮಿಯಾಲಜಿ ಎಂದು ಹೆಸರು. ನಾವು ಸರಳವಾಗಿ ರೋಗದ ಲೆಕ್ಕಶಾಸ್ತ್ರ ಎನ್ನೋಣ. ಆ ವಿದ್ಯೆಯನ್ನು ಹಳ್ಳಿಗರ ಕೈಗೆ ಎಟುಕುವಂತೆ ಮಾಡಿದ ಒಬ್ಬ ಅಮೇರಿಕದ ಪ್ರಾಧ್ಯಾಪಕರ ಕೆಲಸವನ್ನು ಈ ಪಾಠದಲ್ಲಿ ಹೇಳುತ್ತೇನೆ. ಅವರ ಹೆಸರು ಸ್ಟೀವ್ ವಿಂಗ್. 1952ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡರು. ಉತ್ತರ ಕ್ಯಾರೊಲಿನಾ ಎಂಬ ರಾಜ್ಯದ ಚಾಪೆಲ್ ಹಿಲ್ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು.

ಮೊದಲು ಆ ವಿದ್ಯೆಯ ಗುಟ್ಟನ್ನು ತಿಳಿದುಕೊಳ್ಳೋಣ. ಅದು ನಿಮಗೆ ಹೊಸದಲ್ಲ. ಹೊಸ ಗೊಬ್ಬರದ ಗುಣ ತೋರಿಸಲು ನಾವು ಒಂದೇ ಹೊಲದಲ್ಲಿ ಎರಡು ತಾಕು ಮಾಡುತ್ತೇವೆ. ಒಂದಕ್ಕೆ ಗೊಬ್ಬರ, ಇನ್ನೊಂದಕ್ಕೆ ಇಲ್ಲ. ಬೀಜ, ನೀರು, ಕಳೆ ಕೀಳುವ ದಿನ, ಎಲ್ಲವೂ ಒಂದೇ. ಕೊನೆಗೆ ಎರಡು ರಾಶಿಯನ್ನೂ ತೂಗುತ್ತೇವೆ. ಗೊಬ್ಬರ ಹಾಕದ ತಾಕು ಇಲ್ಲದಿದ್ದರೆ, "ಈ ಸಲ ಮಳೆ ಚೆನ್ನಾಗಿತ್ತು, ಅದಕ್ಕೇ ಬೆಳೆ ಬಂತು" ಎಂದು ಯಾರು ಬೇಕಾದರೂ ಹೇಳಬಹುದು. ರೋಗದ ಲೆಕ್ಕಶಾಸ್ತ್ರವೂ ಹೀಗೆಯೇ ಹೋಲಿಸುತ್ತದೆ. ತೊಡಕು ಒಂದೇ. ಮನುಷ್ಯರನ್ನು ತಾಕು ಮಾಡಿ ನೆಡಲಾಗದು. ಒಂದು ಊರಿಗೆ ವಿಷ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡುವಂತಿಲ್ಲ. ಲೋಕದಲ್ಲಿ ಆಗಲೇ ನಡೆದುಹೋಗಿರುವುದನ್ನು ಹುಡುಕಿ, ಸಮನಾದ ಜನರನ್ನು ಎದುರುಬದುರು ಇಟ್ಟು ಎಣಿಸಬೇಕು. ಎಲ್ಲ ಕಷ್ಟವೂ ಆ "ಸಮನಾದ" ಎಂಬ ಮಾತಿನಲ್ಲಿದೆ.

ವಿಂಗರು ಮೊದಲು ಹೆಸರು ಪಡೆದದ್ದು ಅಣುವಿಕಿರಣದ ಅಭ್ಯಾಸದಲ್ಲಿ. ಟೆನೆಸಿ ರಾಜ್ಯದ ಓಕ್ ರಿಜ್ ಅಣು ಪ್ರಯೋಗಾಲಯಕ್ಕೆ 1943ರಿಂದ 1972ರವರೆಗೆ ಸೇರಿದ 8318 ಮಂದಿ ಗಂಡಸರ ದಾಖಲೆಗಳನ್ನು ಅವರೂ ಜೊತೆಗಾರರೂ ಪರಿಶೀಲಿಸಿದರು. ತಗುಲಿದ ವಿಕಿರಣ ಹೆಚ್ಚಿದಂತೆ ಕ್ಯಾನ್ಸರಿನ ಸಾವೂ ಹೆಚ್ಚಿದೆ ಎಂದು 1991ರಲ್ಲಿ ಪ್ರಕಟಿಸಿದರು. ಆ ಕೆಲಸಗಾರರಿಗೆ ತಗುಲಿದ್ದ ಪ್ರಮಾಣ ಬಹಳ ಕಡಿಮೆಯೆಂದು ಎಣಿಸಲಾಗಿತ್ತು.

ಎರಡನೆಯದು ತ್ರೀ ಮೈಲ್ ಐಲೆಂಡ್. ಪೆನ್ಸಿಲ್ವೇನಿಯಾ ರಾಜ್ಯದ ಈ ಅಣುವಿದ್ಯುತ್ ಕೇಂದ್ರದಲ್ಲಿ 1979ರ ಮಾರ್ಚ್ 28ರಂದು ಅಪಘಾತವಾಯಿತು. ಹೊರಬಿದ್ದ ವಿಕಿರಣ ಬಹಳ ಸ್ವಲ್ಪ, ಅದರಿಂದ ಯಾರಿಗೂ ಹಾನಿಯಾಗುವಂತಿಲ್ಲ ಎಂದು ಅಧಿಕಾರಿಗಳು ಹೇಳಿದರು. ಸುತ್ತಲಿನ ಕೆಲವರು ತಮಗೆ ಬಾಯಲ್ಲಿ ಲೋಹದ ರುಚಿ ಬಂತು, ಚರ್ಮ ಕೆಂಪಾಯಿತು, ಕೂದಲು ಉದುರಿತು ಎಂದರು. ಬೇರೊಂದು ವಿಶ್ವವಿದ್ಯಾಲಯದ ವಿದ್ವಾಂಸರು 1990ರಲ್ಲಿ ಲೆಕ್ಕ ಹಾಕಿ, ಕ್ಯಾನ್ಸರಿಗೂ ಅಪಘಾತದ ವಿಕಿರಣಕ್ಕೂ ನಂಟು ಕಾಣದೆಂದು ತೀರ್ಮಾನಿಸಿದರು. ಮೊಕದ್ದಮೆ ಹೂಡಿದ್ದ ನಿವಾಸಿಗಳ ವಕೀಲರು ಕೇಳಿಕೊಂಡ ಮೇಲೆ ವಿಂಗರು ಅದೇ ಅಂಕಿಗಳನ್ನು ಮತ್ತೆ ಎತ್ತಿಕೊಂಡರು. 1997ರಲ್ಲಿ ಅವರು ಹೇಳಿದ್ದು ಇದು: ಹೊಗೆ ಸಾಗಿದ ದಿಕ್ಕಿನಲ್ಲಿ ಶ್ವಾಸಕೋಶದ ಕ್ಯಾನ್ಸರೂ ರಕ್ತದ ಕ್ಯಾನ್ಸರೂ ಹೆಚ್ಚಿವೆ, ಪ್ರಮಾಣ ಸ್ವಲ್ಪವೇ ಎಂದು ಮೊದಲೇ ನಂಬಿ ಹೊರಟರೆ, ಕಣ್ಣೆದುರಿನ ಅಂಕಿಯೂ ಕಾಣದೆ ಹೋಗುತ್ತದೆ. ಮೊದಲಿನ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ನಾನು ಡಿಪ್ಲೊಮಾ ಓದಿದವನು, ಆ ವಾದದಲ್ಲಿ ತೀರ್ಪು ಕೊಡಲಾರೆ. ಆದರೆ ಮಣ್ಣಿನ ಪರೀಕ್ಷೆಗೂ ಮೊದಲೇ ಫಲಿತಾಂಶ ಹೇಳಿಬಿಡುವವರನ್ನು ನಾನೂ ಕಂಡಿದ್ದೇನೆ, ನೀವೂ ಕಂಡಿದ್ದೀರಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಹಂದಿಗಳ ಕಥೆ.

ಉತ್ತರ ಕ್ಯಾರೊಲಿನಾದ ಪೂರ್ವಭಾಗ ತಗ್ಗು ನೆಲ. ಹಿಂದೆ ಅಲ್ಲಿ ಸಣ್ಣ ರೈತರು ಬೇಸಾಯದ ಜೊತೆಗೆ ನಾಲ್ಕಾರು ಹಂದಿ ಸಾಕುತ್ತಿದ್ದರು. 1980ರ ದಶಕದ ಕೊನೆಯಲ್ಲಿ ರಾಜ್ಯದಲ್ಲಿ ಸುಮಾರು 26 ಲಕ್ಷ ಹಂದಿಗಳಿದ್ದವು. ಹತ್ತು ವರ್ಷದಲ್ಲಿ ಅವು ಸುಮಾರು 1 ಕೋಟಿಯಾದವು. ಹಂದಿ ಸಾಕುವ ರೈತರ ಸಂಖ್ಯೆ ಮಾತ್ರ ಅದೇ ಕಾಲದಲ್ಲಿ ಬಹಳ ಇಳಿಯಿತು. ಕಂಪನಿಗಳು ಬಂದು ಸಾವಿರಾರು ಹಂದಿಗಳನ್ನು ಒಂದೇ ಕಡೆ ಕೂಡಿಹಾಕುವ ಕೊಟ್ಟಿಗೆಗಳನ್ನು ಕಟ್ಟಿಸಿದವು. ಕೊಟ್ಟಿಗೆಯ ನೆಲದಲ್ಲಿ ಸಂದುಗಳಿರುತ್ತವೆ. ಮಲಮೂತ್ರ ಕೆಳಕ್ಕೆ ಬೀಳುತ್ತದೆ. ಅದನ್ನು ನೀರಿನಿಂದ ತೊಳೆದು ಹೊರಗಿನ ತೆರೆದ ಹೊಂಡಕ್ಕೆ ಬಿಡುತ್ತಾರೆ. ಹೊಂಡ ತುಂಬುತ್ತ ಬಂದಾಗ ಆ ದ್ರವವನ್ನು ಪಂಪಿನಿಂದ ಹೊಲದ ಮೇಲೆ ಚಿಮುಕಿಸುತ್ತಾರೆ. ಆ ಹೊಂಡಕ್ಕೆ ಅವರು "ಲಗೂನ್" ಎಂದು ಹೆಸರಿಟ್ಟಿದ್ದಾರೆ. ಲಗೂನ್ ಎಂದರೆ ಸಮುದ್ರತೀರದ ಹಿನ್ನೀರ ಕೊಳ. ಹೆಸರೇನೋ ಚೆನ್ನಾಗಿದೆ! 1995ರ ಜೂನ್ ತಿಂಗಳಲ್ಲಿ ಅಂಥ ಒಂದು ಹೊಂಡದ ಏರಿ ಒಡೆದು ಎರಡೂವರೆ ಕೋಟಿ ಗ್ಯಾಲನ್ ಹೊಲಸು ಹೊಲಗಳ ಮೇಲೆ ಹರಿದು ನ್ಯೂ ನದಿಗೆ ಸೇರಿತು.

ಗೊಬ್ಬರ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯದೇ. ನೆಲ ಅರಗಿಸಿಕೊಳ್ಳುವಷ್ಟು, ಕೊಳೆತು ಹದವಾದದ್ದು ಒಳ್ಳೆಯದು. ಆದರೆ ಮೇವು ಎಲ್ಲಿಂದಲೋ ಬಂದು, ಮಾಂಸ ಎಲ್ಲಿಗೋ ಹೋಗಿ, ಮಲ ಮಾತ್ರ ಒಂದೇ ಜಾಗದಲ್ಲಿ ಉಳಿದರೆ, ಅದು ಗೊಬ್ಬರವೆನಿಸುವುದಿಲ್ಲ. ಗಾಳಿಯಿಲ್ಲದೆ ಕೊಳೆತ ಆ ದ್ರವದಿಂದ ಅಮೋನಿಯವೂ ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲವೂ ಏಳುತ್ತವೆ. ಎರಡನೆಯದು ಕೊಳೆತ ಮೊಟ್ಟೆಯ ನಾತದ್ದು.

ಈ ಸೀಮೆಯ ಹ್ಯಾಲಿಫ್ಯಾಕ್ಸ್ ಜಿಲ್ಲೆಯಲ್ಲಿ ಟಿಲರಿ ಎಂಬ ಹಳ್ಳಿ ಇದೆ. 1930 ಮತ್ತು 1940ರ ದಶಕಗಳಲ್ಲಿ ಸರ್ಕಾರದ ಪುನರ್ವಸತಿ ಯೋಜನೆಯಲ್ಲಿ ಕಪ್ಪು ಜನರಿಗೆ ಜಮೀನು ಸಿಕ್ಕಿ ಬೆಳೆದ ಊರು ಅದು. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸ್ವಂತ ನೆಲದ ಒಡೆಯರಾದರು. ಊರವರು 1978ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಗ್ಯಾರಿ ಗ್ರಾಂಟ್ ಎಂಬವರು ಅದರ ಮುಂದಾಳು. ಹಂದಿ ಕೊಟ್ಟಿಗೆಗಳು ಸುತ್ತ ಏಳತೊಡಗಿದಾಗ ಈ ಸಂಘ ಎದುರು ನಿಂತಿತು. ನಮ್ಮ ಬಾವಿಗಳ ಗತಿ ಏನು, ನಮ್ಮ ಆರೋಗ್ಯದ ಗತಿ ಏನು, ಇವೆಲ್ಲ ನಮ್ಮಂಥವರ ಊರಿಗೇ ಏಕೆ ಬರುತ್ತವೆ ಎಂಬುದು ಅವರ ಪ್ರಶ್ನೆ. ವಿಂಗರು ಅವರೊಡನೆ ಕುಳಿತರು. ಇಲ್ಲಿ ಒಂದು ಮಾತನ್ನು ಗಮನಿಸಿ. ಪ್ರಾಧ್ಯಾಪಕರು ಪ್ರಶ್ನೆ ಹೊತ್ತು ಊರಿಗೆ ಬರಲಿಲ್ಲ. ಪ್ರಶ್ನೆ ಊರಿನದು, ಅದನ್ನು ಎಣಿಸುವ ಕ್ರಮ ಅವರದು.

ನಾನು ಮನೆಮನೆಯ ಪಟ್ಟಿ ಹಿಡಿದು ಎಷ್ಟೋ ಬಾಗಿಲಲ್ಲಿ ನಿಂತಿದ್ದೇನೆ. ದನ ಎಷ್ಟು, ಬಾವಿ ಉಂಟೇ, ಪಾಯಿಖಾನೆ ಉಂಟೇ ಎಂದು ಕೇಳಿ ಬರೆದುಕೊಂಡು ಬಂದಿದ್ದೇನೆ. "ನಿಮ್ಮನ್ನು ಬಾಧಿಸುತ್ತಿರುವುದು ಏನು?" ಎಂಬ ಕಲಮು ಆ ಪಟ್ಟಿಯಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಅಭ್ಯಾಸ ಹೀಗಿತ್ತು. ಬೇರೆ ವಿಷಯಗಳಲ್ಲಿ ಒಂದನ್ನೊಂದು ಹೋಲುವ ಮೂರು ಹಳ್ಳಿಗಾಡಿನ ವಸತಿಗಳನ್ನು ಆರಿಸಿದರು. ಒಂದರ ಬಳಿ ಸುಮಾರು 6000 ಹಂದಿಗಳ ಕೊಟ್ಟಿಗೆ. ಇನ್ನೊಂದರ ಬಳಿ ದನಗಳ ಎರಡು ದೊಡ್ಡ ಕೊಟ್ಟಿಗೆ. ಮೂರನೆಯದರ ಬಳಿ ಅಂಥದು ಯಾವುದೂ ಇಲ್ಲ. ಇದು ಗೊಬ್ಬರ ಹಾಕದ ತಾಕು ಎಂದು ತಿಳಿಯಿರಿ. ಮನೆಮನೆಗೆ ಹೋಗಿ 155 ಮಂದಿಯನ್ನು ಮಾತನಾಡಿಸಿದರು. ಹಂದಿಯ ಮಾತನ್ನು ಮೊದಲು ಎತ್ತಲಿಲ್ಲ, ಹಳ್ಳಿಗಾಡಿನ ಆರೋಗ್ಯದ ವಿಚಾರಣೆ ಎಂದೇ ಹೇಳಿದರು. ಏಕೆಂದರೆ, ಹಂದಿಯಿಂದ ತಲೆನೋವು ಬರುತ್ತದೆಯೇ ಎಂದು ಕೇಳಿದರೆ ಸಿಟ್ಟಿನಲ್ಲಿರುವವರೆಲ್ಲ ಹೌದೆನ್ನುತ್ತಾರೆ. ಆರು ತಿಂಗಳಲ್ಲಿ ಎಷ್ಟು ಸಲ ತಲೆನೋವು ಬಂದಿತ್ತು ಎಂದು ಸುಮ್ಮನೆ ಕೇಳಿದರೆ ಉತ್ತರ ನೇರವಾಗಿ ಬರುತ್ತದೆ. ತಲೆನೋವು, ನೆಗಡಿ, ಗಂಟಲುನೋವು, ವಿಪರೀತ ಕೆಮ್ಮು, ಭೇದಿ, ಕಣ್ಣುರಿ, ಇವು ಹಂದಿ ಕೊಟ್ಟಿಗೆಯ ನೆರೆಯವರಲ್ಲಿ ಹೆಚ್ಚಾಗಿ ಕಂಡವು. ಹವೆ ಚೆನ್ನಾಗಿದ್ದ ದಿನವೂ ಕಿಟಕಿ ತೆರೆಯಲಾಗದೆ, ಅಂಗಳಕ್ಕೆ ಬರಲಾಗದೆ ಇದ್ದ ಲೆಕ್ಕವನ್ನೂ ಕೇಳಿದ್ದರು. ದನದ ಕೊಟ್ಟಿಗೆಯ ನೆರೆಯವರೂ ಏನೂ ಇಲ್ಲದ ಊರಿನವರೂ ಇದರಲ್ಲಿ ಹೆಚ್ಚುಕಡಿಮೆ ಒಂದೇ. ಹಂದಿಯ ನೆರೆಯವರ ಬಾಳು ಮಾತ್ರ ಬಹಳ ಕೆಟ್ಟಿತ್ತು.

ಇದು 1999ರಲ್ಲಿ ಹೊರಬಿತ್ತು. ಕೂಡಲೇ ಹಂದಿ ಉದ್ಯಮದವರ ಸಂಘದ ವಕೀಲರು ಸಾರ್ವಜನಿಕ ದಾಖಲೆಗಳ ಕಾನೂನನ್ನು ಮುಂದಿಟ್ಟು ಅಭ್ಯಾಸದ ಕಾಗದಪತ್ರಗಳನ್ನು ಕೇಳಿದರು. ವಿಶ್ವವಿದ್ಯಾಲಯ ಸರ್ಕಾರದ್ದಾದುದರಿಂದ ಹಾಗೆ ಕೇಳಲು ಅವಕಾಶವಿತ್ತು. ಈಗ ಯೋಚಿಸಿ. ಹೆಸರು ಹೊರಗೆ ಹೋಗದು ಎಂದು ಮಾತು ಕೊಟ್ಟು ಜನರ ಬಾಯಿಂದ ಉತ್ತರ ಪಡೆದಿದೆ. ಹಳ್ಳಿ ಸಣ್ಣದು. ಹೆಸರನ್ನು ಅಳಿಸಿದರೂ, ಅರವತ್ತು ವಯಸ್ಸಿನ ಹೆಂಗಸು, ಮನೆಯಲ್ಲಿ ಇಬ್ಬರು, ಕೊಟ್ಟಿಗೆಯಿಂದ ಇಷ್ಟು ದೂರ ಎಂದರೆ ಸಾಕು, ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಉತ್ತರ ಕೊಟ್ಟವರ ಕೂಲಿಯೋ ಸಾಲವೋ ಅದೇ ಉದ್ಯಮದ ಜನರ ಕೈಯಲ್ಲಿರಬಹುದು. ಗುರುತು ಹತ್ತುವ ಭಾಗಗಳನ್ನೆಲ್ಲ ತೆಗೆದ ಮೇಲೆಯೇ ಕಾಗದಗಳು ಹೋದವು. ವಿಂಗರು ಈ ಅನುಭವವನ್ನು 2002ರಲ್ಲಿ ಲೇಖನವಾಗಿ ಬರೆದು, ಜನರೊಡನೆ ಸೇರಿ ಕೆಲಸ ಮಾಡುವ ಸಂಶೋಧಕನ ಹೊಣೆ ಏನೆಂಬುದನ್ನು ಚರ್ಚಿಸಿದರು. ನನ್ನ ಮಟ್ಟಿಗೆ ಅವರ ಅಂಕಿಗಳಷ್ಟೇ ತೂಕ ಇದಕ್ಕೂ ಇದೆ.

"ನಮ್ಮಂಥವರ ಊರಿಗೇ ಏಕೆ?" ಎಂಬ ಪ್ರಶ್ನೆಗೆ 2000ದಲ್ಲಿ ಉತ್ತರ ಬಂತು. ವಿಂಗ್, ಡಾನಾ ಕೋಲ್, ಗ್ಯಾರಿ ಗ್ರಾಂಟ್, ಈ ಮೂವರ ಹೆಸರಿನಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ವಿದ್ವತ್ಪತ್ರಿಕೆಯಲ್ಲಿ ಪ್ರಾಧ್ಯಾಪಕರ ಪಕ್ಕದಲ್ಲಿ ಊರಿನ ಸಂಘದ ಮುಂದಾಳಿನ ಹೆಸರು! ರಾಜ್ಯದ ಸುಮಾರು 2500 ಹಂದಿ ಕೊಟ್ಟಿಗೆಗಳು ಎಲ್ಲೆಲ್ಲಿವೆ ಎಂದು ಗುರುತಿಸಿ, ಜನಗಣತಿಯ ಸಣ್ಣ ವಿಭಾಗಗಳೊಡನೆ ತಾಳೆ ನೋಡಿದರು. ಬಡತನದ ಪ್ರಕಾರ ವಿಭಾಗಗಳನ್ನು ಐದು ಗುಂಪು ಮಾಡಿದಾಗ, ಅತ್ಯಂತ ಬಡ ಗುಂಪಿನಲ್ಲಿ ಕೊಟ್ಟಿಗೆಗಳು ಅತಿ ಕಡಿಮೆ ಬಡತನದ ಗುಂಪಿಗಿಂತ 18.9 ಪಟ್ಟು ಇದ್ದವು.

ಇಷ್ಟಕ್ಕೇ ನಿಂತಿದ್ದರೆ ಯಾರಾದರೂ ಆಕ್ಷೇಪಿಸಬಹುದಿತ್ತು. ಕೊಟ್ಟಿಗೆಗೆ ಬಯಲು ಬೇಕು. ಬಯಲಿರುವುದು ಜನ ವಿರಳವಾದ ಹಳ್ಳಿಗಾಡಿನಲ್ಲಿ. ಹಳ್ಳಿಗಾಡಿನವರು ಬಡವರು. ಇದರಲ್ಲಿ ಅನ್ಯಾಯವೇನು ಬಂತು? ಆಕ್ಷೇಪ ಬರುವ ಮೊದಲೇ ಅವರು ಜನಸಾಂದ್ರತೆಯನ್ನು ಲೆಕ್ಕಕ್ಕೆ ಹಿಡಿದರು. ಆಗ 18.9 ಎಂಬುದು 7.2ಕ್ಕೆ ಇಳಿಯಿತು. ತಮ್ಮ ದೊಡ್ಡ ಅಂಕಿಯನ್ನು ತಾವೇ ಕತ್ತರಿಸಿದರು ನೋಡಿ. ಉಳಿದದ್ದು ಏಳು ಪಟ್ಟು, ಅದನ್ನು ಅಲುಗಾಡಿಸುವುದು ಸುಲಭವಲ್ಲ. ಬಿಳಿಯರಲ್ಲದವರ ಪಾಲು ಹೆಚ್ಚಿರುವ ಮೂರು ಗುಂಪುಗಳಲ್ಲಿ, ಆ ಪಾಲು ಅತಿ ಕಡಿಮೆ ಇರುವ ಗುಂಪಿಗಿಂತ ಸುಮಾರು ಐದು ಪಟ್ಟು ಕೊಟ್ಟಿಗೆಗಳಿದ್ದವು. ಬಡತನವೂ ಬಣ್ಣವೂ ಎರಡೂ ಕೂಡಿದ ಕಡೆ ಎಲ್ಲಕ್ಕಿಂತ ಹೆಚ್ಚು. ಸ್ವತಂತ್ರ ರೈತರ ಕೊಟ್ಟಿಗೆಗಳಿಗಿಂತ ಕಂಪನಿಗಳ ಕೊಟ್ಟಿಗೆಗಳು ಇಂಥ ಕಡೆ ಇನ್ನೂ ದಟ್ಟವಾಗಿದ್ದವು. ಹೆಚ್ಚಿನ ಕೊಟ್ಟಿಗೆಗಳು ಇದ್ದದ್ದು, ಜನ ಕುಡಿಯುವ ನೀರಿಗೆ ಬಾವಿಯನ್ನೇ ನಂಬಿದ ಪ್ರದೇಶಗಳಲ್ಲಿ.

1999ರ ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಎಂಬ ಚಂಡಮಾರುತ ಬಂದು ಕೆಲವು ಕಡೆ 15ರಿಂದ 20 ಅಂಗುಲ ಮಳೆ ಸುರಿಸಿತು. ತಗ್ಗು ನೆಲವೆಲ್ಲ ನೀರಾಯಿತು. ವಾರದ ಮೇಲೆ ಉಪಗ್ರಹ ತೆಗೆದ ಚಿತ್ರಗಳಲ್ಲಿ 237 ಹಂದಿ ಕೊಟ್ಟಿಗೆಗಳ ಜಾಗ ನೀರಿನ ಎಲ್ಲೆಯೊಳಗೆ ಕಂಡವು. ಇಲಾಖೆಯ ಪಟ್ಟಿಯಲ್ಲಿ ಹೊಂಡ ಒಡೆದ ಅಥವಾ ಮುಳುಗಿದ ಕೊಟ್ಟಿಗೆಗಳು 46 ಮಾತ್ರ. ಮುಳುಗಿದ ಕೊಟ್ಟಿಗೆಯ ಆಸುಪಾಸಿನಲ್ಲಿ ಕಪ್ಪು ಜನರೇ ಹೆಚ್ಚೇ ಎಂದರೆ, ಉಪಗ್ರಹದ ಲೆಕ್ಕದಲ್ಲಿ ಹೌದು, ಇಲಾಖೆಯ ಲೆಕ್ಕದಲ್ಲಿ ಅಲ್ಲ. ತಮ್ಮ ವಾದಕ್ಕೆ ಒಗ್ಗದ ಆ ಎರಡನೆಯ ಉತ್ತರವನ್ನೂ ವಿಂಗರು ಮುಚ್ಚಿಡದೆ ಪ್ರಕಟಿಸಿದರು.

ಶಾಲೆಯ ಮಕ್ಕಳ ವಿಷಯವೂ ಒಂದಿದೆ. ರಾಜ್ಯದ 265 ಶಾಲೆಗಳ, 12ರಿಂದ 14 ವಯಸ್ಸಿನ 58 ಸಾವಿರಕ್ಕೂ ಹೆಚ್ಚು ಮಕ್ಕಳ ಉತ್ತರಗಳನ್ನು ವಿಂಗರೂ ಜೊತೆಗಾರರೂ ನೋಡಿ 2006ರಲ್ಲಿ ಪ್ರಕಟಿಸಿದರು. ಅಲರ್ಜಿ ಇರುವ ಮಕ್ಕಳನ್ನು ತೆಗೆದುಕೊಂಡರೆ, ಶಾಲೆಯ ಕಟ್ಟಡದ ಒಳಕ್ಕೇ ತಿಂಗಳಿಗೆ ಎರಡು ಸಲವಾದರೂ ಕೊಟ್ಟಿಗೆಯ ನಾತ ಬರುವ ಕಡೆ, ಬಾರದ ಕಡೆಗಿಂತ ಎದೆಯ ಸುಯ್ಲು ನೂರಕ್ಕೆ 24ರಷ್ಟು ಹೆಚ್ಚಿತ್ತು.

ಈಗ ನನಗೆ ಎಲ್ಲಕ್ಕಿಂತ ಹಿಡಿಸಿದ ಅಭ್ಯಾಸವನ್ನು ಹೇಳುತ್ತೇನೆ. ಇದು ನಡೆದದ್ದು 2003ರಿಂದ 2005ರವರೆಗೆ. ಕೊಟ್ಟಿಗೆಗಳಿಗೆ ಒಂದೂವರೆ ಮೈಲಿಯೊಳಗೆ ಇರುವ 16 ವಸತಿಗಳ 101 ಮಂದಿ ಇದರಲ್ಲಿ ಸೇರಿದರು. ಎಲ್ಲರೂ ಹೊಗೆಬತ್ತಿ ಸೇದದವರು. ದಿನಕ್ಕೆ ಎರಡು ಹೊತ್ತು, ಗೊತ್ತುಮಾಡಿದ ವೇಳೆಗೆ, ಮನೆಯ ಹೊರಗೆ ಹತ್ತು ನಿಮಿಷ ಕೂರಬೇಕು. ಎಷ್ಟು ನಾತವಿದೆ ಎಂದು ಅಂಕ ಹಾಕಬೇಕು. ಬಳಿಕ ತಮ್ಮ ರಕ್ತದೊತ್ತಡವನ್ನು ತಾವೇ ಯಂತ್ರದಲ್ಲಿ ಅಳೆದು ಬರೆದಿಡಬೇಕು. ಹೀಗೆ ಸುಮಾರು ಎರಡು ವಾರ. ಅದೇ ಹೊತ್ತಿಗೆ ವಸತಿಯ ನಡುವೆ ನಿಲ್ಲಿಸಿದ ಯಂತ್ರಗಳು ಗಾಳಿಯಲ್ಲಿ ಹೈಡ್ರೊಜನ್ ಸಲ್ಫೈಡ್ ಎಷ್ಟು, ಧೂಳು ಎಷ್ಟು ಎಂದು ಅಳೆಯುತ್ತಿದ್ದವು.

ಇದರ ಜಾಣತನವನ್ನು ನೋಡಿದಿರಾ? ಇಲ್ಲಿ ಬೇರೆ ಊರಿನ ತಾಕೇ ಬೇಡ. ರಾಮನನ್ನು ಭೀಮನೊಡನೆ ಹೋಲಿಸಿದರೆ, ರಾಮನಿಗೆ ವಯಸ್ಸು ಹೆಚ್ಚು, ಉಪ್ಪು ಹೆಚ್ಚು ತಿನ್ನುತ್ತಾನೆ ಎಂದು ತಕರಾರು ತೆಗೆಯಬಹುದು. ಇಲ್ಲಿ ನಾತವಿಲ್ಲದ ಬೆಳಗಿನ ರಾಮನನ್ನು ನಾತವಿರುವ ಸಂಜೆಯ ರಾಮನೊಡನೆ ಹೋಲಿಸಿದ್ದಾರೆ. ಅವರವರಿಗೆ ಅವರವರೇ ತಾಕು. ಜನ ನಾತ ಹೆಚ್ಚೆಂದು ಬರೆದ ವೇಳೆಯಲ್ಲಿ ಯಂತ್ರವೂ ಅನಿಲ ಹೆಚ್ಚೆಂದು ತೋರಿಸಿತು. ಮೂಗು ಸುಳ್ಳು ಹೇಳಿರಲಿಲ್ಲ. ನಾತ ಹೆಚ್ಚಿದಾಗ ರಕ್ತದೊತ್ತಡದ ಕೆಳಗಿನ ಅಂಕಿ ಏರಿತು, ಅನಿಲ ಹೆಚ್ಚಿದಾಗ ಮೇಲಿನ ಅಂಕಿ ಏರಿತು ಎಂದು 2013ರಲ್ಲಿ ಪ್ರಕಟವಾಯಿತು. ಟಿಲರಿಯ ಸಂಘದವರು ಜನರನ್ನು ಸೇರಿಸಿ, ಅವರಿಗೆ ಕ್ರಮ ಕಲಿಸಿಕೊಡದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಎರಡು ವಾರ ದಿನಕ್ಕೆರಡು ಸಲ ಅದೇ ನಾತದಲ್ಲಿ ಬೇಕೆಂದೇ ಹೋಗಿ ಕೂರಲು ಯಾರಿಗೆ ಮನಸ್ಸು ಬರುತ್ತದೆ?

ಇದರಿಂದೆಲ್ಲ ಏನಾಯಿತು ಎಂದು ಕೇಳುವಿರಿ. ಉಳಿಸದೆ ಹೇಳುತ್ತೇನೆ. ಹೊಸ ಹೊಂಡಗಳನ್ನು ತೋಡಲು 1997ರಲ್ಲಿ ರಾಜ್ಯ ತಾತ್ಕಾಲಿಕ ತಡೆ ಹಾಕಿತು. ಜನರ ಹೋರಾಟ, ಒಡೆದ ಏರಿ, ಇನ್ನೂ ಹಲವು ಕಾರಣ ಅದಕ್ಕಿದ್ದವು. 2007ರಲ್ಲಿ ಹೊಂಡ ತೋಡಿ ಹೊಲಕ್ಕೆ ಚಿಮುಕಿಸುವ ಹೊಸ ಕೊಟ್ಟಿಗೆಗಳಿಗೆ ಶಾಶ್ವತ ತಡೆ ಬಂತು. ಆದರೆ ಮೊದಲೇ ಇದ್ದವು ಉಳಿದುಕೊಂಡವು. 2014ರಲ್ಲಿ ವಿಂಗರು ಜಿಲ್ ಜಾನ್‌ಸ್ಟನ್ ಎಂಬ ಸಹೋದ್ಯೋಗಿಯೊಡನೆ ಮತ್ತೊಮ್ಮೆ ಎಣಿಸಿದರು. ಇಂಥ ಕೊಟ್ಟಿಗೆಯ ಮೂರು ಮೈಲಿಯೊಳಗೆ ವಾಸಿಸುವವರ ಪ್ರಮಾಣ, ಬಿಳಿಯರಿಗಿಂತ ಕಪ್ಪು ಜನರಲ್ಲಿ 1.54 ಪಟ್ಟು, ಅಲ್ಲಿನ ಮೂಲನಿವಾಸಿಗಳಲ್ಲಿ 2.18 ಪಟ್ಟು ಇತ್ತು. ಅದೇ ವರ್ಷ ಊರ ಸಂಘಗಳು ಈ ಅಂಕಿಗಳನ್ನು ಹಿಡಿದು, ಪರವಾನಗಿ ಕೊಡುವುದರಲ್ಲಿ ಪಕ್ಷಪಾತವಾಗಿದೆ ಎಂದು ಕೇಂದ್ರದ ಪರಿಸರ ಇಲಾಖೆಗೆ ದೂರು ಕೊಟ್ಟವು. 2018ರಲ್ಲಿ ರಾಜ್ಯದ ಇಲಾಖೆ ಅವರೊಡನೆ ರಾಜಿಗೆ ಬಂತು. ವಿಂಗರು ಅದನ್ನು ನೋಡಲಿಲ್ಲ. ಎರಡು ವರ್ಷದ ಹಿಂದೆಯೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ನಿಮ್ಮ ಊರ ಬಳಿ ಕೋಳಿಫಾರಮೋ ಕಾರ್ಖಾನೆಯ ಮೋರಿಯೋ ಇದ್ದು, ಅದರಿಂದ ತೊಂದರೆ ಎನ್ನಿಸಿದರೆ, ಅರ್ಜಿ ಬರೆಯುವ ಮೊದಲು ಒಂದು ನೋಟುಪುಸ್ತಕ ಕೊಳ್ಳಿ. ಪುಟಕ್ಕೆ ಗೆರೆ ಹಾಕಿ. ತಾರೀಖು, ಹೊತ್ತು, ಗಾಳಿ ಬೀಸುವ ದಿಕ್ಕು, ನಾತ ಇಲ್ಲ, ಸ್ವಲ್ಪ ಅಥವಾ ಹೆಚ್ಚು, ಮನೆಯಲ್ಲಿ ಯಾರಿಗೆ ಏನಾಯಿತು, ಆ ದಿನ ಯಾವ ಕೆಲಸ ನಿಂತಿತು, ಇಷ್ಟು ಕಲಮು ಸಾಕು. ನಾತವಿಲ್ಲದ ದಿನಗಳನ್ನೂ ತಪ್ಪದೆ ಬರೆಯಿರಿ. ಅವೇ ನಿಮ್ಮ ಎರಡನೆಯ ತಾಕು. ಗಾಳಿಯ ಎದುರುದಿಕ್ಕಿನಲ್ಲಿರುವ ನೆಂಟರ ಮನೆಯಲ್ಲಿಯೂ ಅದೇ ದಿನಗಳಲ್ಲಿ ಬರೆಯಲು ಹೇಳಿ. ಓದುಬರಹ ಬಾರದ ಹಿರಿಯರ ಮಾತನ್ನು ಶಾಲೆಯ ಮಕ್ಕಳು ಬರೆದುಕೊಡಲಿ. ಪುಸ್ತಕ ಯುವಕ ಮಂಡಲಿಯಲ್ಲೋ ಮಹಿಳಾ ಸಮಾಜದಲ್ಲೋ ನೀವು ನಂಬುವವರ ಬಳಿ ಇರಲಿ. ನನಗೆ ತೋರಿಸುವುದಾದರೆ ಮನೆಯ ಹೆಸರುಗಳ ಮೇಲೆ ಕಾಗದ ಅಂಟಿಸಿ ತನ್ನಿರಿ.